ಕಂಟ್ರಾಕ್ಟರು ಐ.ಪಿ. ಹಾಕಿದರೆ ಮುಂಗಡ ಕೊಟ್ಟವರು ಏನು ಮಾಡಬೇಕು?

ಕೃಷಿ ಹೊಂಡ ತೋಡಿಸೋದು, ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿಸೋದು, ಜಮೀನಿಗೆ ತಂತಿ ಬೇಲಿ, ಕುರಿಗೆ ಶೆಡ್ಡು, ಮನೆಗೆ ಆರ್‌ಸಿಸಿ. ಇವತ್ತು ಇವ್ಯಾವುದನ್ನೂ ನಾವು ಕೈಯಾರೆ ಮಾಡಿಕೊಳ್ಳೋದಿಲ್ಲ. ಒಬ್ಬ ಕಂಟ್ರಾಕ್ಟರನ್ನು ಹಿಡೀತೇವೆ. ಅವನು ‘ಸಾಮಾನು ತರಬೇಕು, ಅಡ್ವಾನ್ಸು ಕೊಡಿ’ ಅಂತಾನೆ. ಕೊಡುತ್ತೇವೆ. ಕೆಲಸ ಆದರೆ ಸರಿ. ಆಗದೆ ಅರ್ಧಕ್ಕೆ ನಿಂತು, ಒಂದು ದಿನ ಸಂತೆಯಲ್ಲಿ ‘ಅವನು ಐ.ಪಿ. ಹಾಕಿದಾನಂತೆ’ ಅನ್ನೋ ಸುದ್ದಿ ಕಿವಿಗೆ ಬಿದ್ದರೆ? ನಮ್ಮ ಕಡೆ ಐ.ಪಿ. ಅಂದರೆ ದುಡ್ಡಿಗೆ ಎಳ್ಳುನೀರು ಬಿಟ್ಟಂಗೆ ಅಂತ ಲೆಕ್ಕ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಹೇಳಿ ಸುಮ್ಮನಾಗುತ್ತಾರೆ.

ಹಾಗೆ ಸುಮ್ಮನಾಗೋದರಿಂದಲೇ ಹೆಚ್ಚು ನಷ್ಟ. ಐ.ಪಿ. ಹಾಕಿದ ಮೇಲೂ ಮುಂಗಡ ಕೊಟ್ಟವರಿಗೆ ಕಾನೂನಿನಲ್ಲಿ ದಾರಿಗಳಿವೆ. ಆದರೆ ಪ್ರತಿ ದಾರಿಗೂ ಒಂದು ವಾಯಿದೆ ಇದೆ. ಮಳೆ ಹದ ತಪ್ಪಿದರೆ ಬಿತ್ತನೆ ಹೇಗೆ ಹೋಗುತ್ತದೋ, ಇದೂ ಹಾಗೇ. ನಾನು ಓದಿದ್ದು ಏಳನೇ ಇಯತ್ತೆ. ಆದರೂ ಮೂರು ವರ್ಷ ಕೋರ್ಟಿನ ಜಗಲಿ ಮೇಲೆ ಕೂತು, ವಕೀಲರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮೂರಲ್ಲಿ ಆದದ್ದು

ನಮ್ಮದು ಚಳ್ಳಕೆರೆ ತಾಲೂಕು. ಶೇಂಗಾ, ತೊಗರಿ, ಸಜ್ಜೆ ಬೆಳೆಯುವ ಮಳೆಯಾಶ್ರಿತ ಭೂಮಿ. 2022ರ ಜನವರಿ, ಫೆಬ್ರವರಿಯಲ್ಲಿ ನಮ್ಮೂರಿನ 8 ಜನ ಒಬ್ಬ ಕಂಟ್ರಾಕ್ಟರಿಗೆ ಹೊಂಡದ ಕೆಲಸ ಒಪ್ಪಿಸಿದೆವು. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಮೇಲೆ ಹಾಳೆ. ನಾನು ಕೊಟ್ಟ ಮುಂಗಡ 60 ಸಾವಿರ. ನಮ್ಮ ಪಕ್ಕದ ಹೊಲದ ಹೆಣ್ಣುಮಗಳೊಬ್ಬಳು, ಗಂಡ ಇಲ್ಲದವಳು, 6 ಕುರಿ ಮಾರಿ 45 ಸಾವಿರ ಕೊಟ್ಟಳು. ಏಪ್ರಿಲ್ ಹೊತ್ತಿಗೆ ಜೆಸಿಬಿ ಬರೋದು ನಿಂತಿತು. ಆಗಸ್ಟ್‌ನಲ್ಲಿ ಅವನು ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದ. ನಮಗೆಲ್ಲ ಅಂಚೆಯಲ್ಲಿ ನೋಟೀಸು ಬಂತು. ಅದರಲ್ಲಿ ನಮ್ಮ ಹೆಸರು ಎದುರುದಾರರು ಅಂತ ಇತ್ತು.

ಊರಲ್ಲಿ ಗಾಬರಿ ಎದ್ದಿತು. ದುಡ್ಡು ಕೊಟ್ಟವರು ನಾವು, ಕೇಸೂ ನಮ್ಮ ಮೇಲೇನಾ ಅಂತ. ವಿಷಯ ಹಾಗಲ್ಲ. ದಿವಾಳಿ ಅರ್ಜಿ ಹಾಕುವವನು ತಾನು ಯಾರ‍್ಯಾರಿಗೆ ಎಷ್ಟು ಕೊಡಬೇಕು ಅಂತ ಪಟ್ಟಿ ಕೊಡಬೇಕು. ಆ ಪಟ್ಟಿಯಲ್ಲಿರುವವರಿಗೆಲ್ಲ ಕೋರ್ಟು ತಿಳಿವಳಿಕೆ ಕೊಡುತ್ತದೆ. ನೋಟೀಸು ಬಂತು ಅಂದರೆ ಅವನೇ ‘ಇವರಿಗೆ ಕೊಡಬೇಕು’ ಅಂತ ಕೋರ್ಟಿಗೆ ಬರೆದುಕೊಟ್ಟ ಹಾಗಾಯಿತು. ಆ ಕಾಗದವನ್ನು ಹರಿದು ಒಲೆಗೆ ಹಾಕಬಾರದು. ಪಹಣಿ ಜತೆಗೆ ಜೋಪಾನ ಮಾಡಬೇಕು.

ಐ.ಪಿ. ಅಂದರೆ ಏನು

ಐ.ಪಿ. ಅಂದರೆ ಇನ್‌ಸಾಲ್ವೆನ್ಸಿ ಪೆಟಿಷನ್, ದಿವಾಳಿ ಅರ್ಜಿ. ಹಳ್ಳಿ ಮಾತಿನಲ್ಲಿ ಪಾಪರ್ ಆಗೋದು. ಒಬ್ಬ ವ್ಯಕ್ತಿ ಪಾಪರ್ ಆದರೆ ನಮ್ಮ ಕಡೆ ಇವತ್ತಿಗೂ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು ನಿಜ. ಅದರಲ್ಲಿ ಕಂಪನಿಗಳ ಭಾಗ ಜಾರಿಯಾಗಿದೆ. ವ್ಯಕ್ತಿಗಳ ಭಾಗ ಜಾರಿಯಾಗಿರುವುದು ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ಆದ್ದರಿಂದ ಊರಿನ ಮೇಸ್ತ್ರಿ, ಜೆಸಿಬಿ ಇಟ್ಟುಕೊಂಡವನು, ಬೇಲಿ ಹಾಕುವವನು ಪಾಪರ್ ಆದರೆ ಹಳೇ ಕಾಯ್ದೆಯೇ ಗತಿ.

ಆ ಕಾಯ್ದೆ ಎಷ್ಟು ಹಳೇದು ಅಂದರೆ, ಸಾಲ 500 ರೂಪಾಯಿ ಇದ್ದರೆ ಸಾಕು, ದಿವಾಳಿ ಅರ್ಜಿ ಹಾಕಬಹುದು. 1920ರಲ್ಲಿ 500 ರೂಪಾಯಿಗೆ ಜಮೀನು ಬರುತ್ತಿತ್ತು. ಈಗ ಅದು ಒಂದಾಳಿನ ಒಂದು ದಿನದ ಕೂಲಿ.

ಅರ್ಜಿ ಹಾಕಿದ ಕೂಡಲೇ ಅವನು ಪಾಪರ್ ಆಗೋದಿಲ್ಲ. ಇದನ್ನು ಎಲ್ಲರೂ ಗಮನ ಇಟ್ಟು ಓದಬೇಕು. ಅರ್ಜಿ ಒಂದು ಹಂತ. ಕೋರ್ಟು ವಿಚಾರಣೆ ಮಾಡಿ ‘ಇವನು ದಿವಾಳಿ’ ಅಂತ ಆದೇಶ ಮಾಡೋದು ಎರಡನೇ ಹಂತ. ಕೊನೆಗೆ ಅವನನ್ನು ಸಾಲದಿಂದ ಬಿಡುಗಡೆ ಮಾಡೋದು ಮೂರನೇ ಹಂತ. ಒಂದೊಂದು ಹಂತದಲ್ಲೂ ನಮಗೆ ಮಾತಾಡುವ ಹಕ್ಕಿದೆ.

ದಿವಾಳಿ ಆದೇಶ ಆದ ಮೇಲೆ ಅವನ ಆಸ್ತಿ ಕೋರ್ಟಿನ ಅಥವಾ ಕೋರ್ಟು ನೇಮಿಸಿದ ರಿಸೀವರ ಸ್ವಾಧೀನಕ್ಕೆ ಹೋಗುತ್ತದೆ. ಆಮೇಲೆ ನಮ್ಮ ಬಾಕಿಗಾಗಿ ಅವನ ಮೇಲೆ ಬೇರೆ ದಾವೆ ಹಾಕಬೇಕಾದರೆ ಆ ಕೋರ್ಟಿನ ಅನುಮತಿ ಬೇಕು. ಆದೇಶ ಆಗುವ ಮುಂಚೆ ಹಾಗೆ ಅನುಮತಿ ಕೇಳುವ ಪ್ರಮೇಯ ಇಲ್ಲ. ‘ಅರ್ಜಿ ಹಾಕಿಬಿಟ್ಟಿದೀನಿ, ಇನ್ನು ಯಾರೂ ನನ್ನನ್ನು ಕೇಳೋ ಹಂಗಿಲ್ಲ’ ಅಂತ ಅವನು ಹೇಳಿದರೆ ನಂಬಬೇಡಿ.

ಮೊದಲು ನೋಡಬೇಕಾದ್ದು: ಅವನು ಯಾರು?

ಕಂಟ್ರಾಕ್ಟರು ಅಂದರೆ ಎಲ್ಲರೂ ಒಂದೇ ಅಲ್ಲ. ರಸೀದಿ ಮೇಲೆ, ಬೋರ್ಡಿನ ಮೇಲೆ ಏನಿದೆ ಅಂತ ನೋಡಬೇಕು.

ಒಬ್ಬನೇ ನಡೆಸುವ ಅಂಗಡಿ ಅಥವಾ ಎಂಟರ್‌ಪ್ರೈಸಸ್ ಆಗಿದ್ದರೆ ಹೆಸರು ಏನೇ ಇರಲಿ, ಜವಾಬುದಾರಿ ಆ ಮನುಷ್ಯನದ್ದೇ. ಅವನ ಸ್ವಂತ ಸೈಟು, ಜಮೀನು, ವಾಹನ ಎಲ್ಲ ಲೆಕ್ಕಕ್ಕೆ ಬರುತ್ತವೆ.

ಪಾಲುದಾರಿಕೆ ಆಗಿದ್ದರೆ, 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ವ್ಯವಹಾರದ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಒಬ್ಬ ಪಾಪರ್ ಆದರೂ ಇನ್ನೊಬ್ಬನನ್ನು ಕೇಳಬಹುದು. ಒಬ್ಬನಿಗೆ ಕೋರ್ಟು ಸಾಲದಿಂದ ಬಿಡುಗಡೆ ಕೊಟ್ಟರೂ ಅವನ ಪಾಲುದಾರನಿಗೆ, ಜಾಮೀನು ನಿಂತವನಿಗೆ ಆ ಬಿಡುಗಡೆ ಸಿಗೋದಿಲ್ಲ.

ಹೆಸರಿನ ಕೊನೆಗೆ ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ ಅಂತಿದ್ದರೆ ದಾರಿಯೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನೋಟೀಸು ಬಂದ ಮೇಲೆ

ನಾವು ಸಾಲ ಕೊಟ್ಟಿಲ್ಲ, ಕೆಲಸಕ್ಕೆ ಮುಂಗಡ ಕೊಟ್ಟಿದ್ದೇವೆ. ಆದರೂ ಕಾಯ್ದೆಯ ಕಣ್ಣಿಗೆ ನಾವು ಸಾಲ ಕೊಟ್ಟವರೇ. ನಮ್ಮ ಬಾಕಿ ಎಷ್ಟು ಅಂತ ಋಜುವಾತು ಮಾಡಬೇಕು. ಅದಕ್ಕೆ ಒಂದು ಅಫಿಡವಿಟ್ಟು, ಅಂದರೆ ಪ್ರಮಾಣಪತ್ರ. ಯಾವ ತಾರೀಖು ಎಷ್ಟು ಕೊಟ್ಟೆ, ಯಾವ ಕೆಲಸಕ್ಕೆ ಕೊಟ್ಟೆ, ಎಷ್ಟು ಕೆಲಸ ಆಯಿತು, ಎಷ್ಟು ವಾಪಸು ಬರಬೇಕು ಅಂತ ಬರೆದು, ಜತೆಗೆ ರಸೀದಿ, ಬ್ಯಾಂಕಿನ ಪಾಸ್‌ಬುಕ್ ಪ್ರತಿ, ಫೋನ್‌ಪೇ ಮಾಡಿದ್ದರೆ ಅದರ ಪ್ರತಿ ಇಟ್ಟು ಕೋರ್ಟಿಗೆ ಕೊಡಬೇಕು. ಕಾಯ್ದೆಯಲ್ಲಿ ಇದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಬಹುದು ಅಂತಿದೆ. 2025ರಲ್ಲಿ ರಿಜಿಸ್ಟರ್ ಅಂಚೆ ಸ್ಪೀಡ್ ಪೋಸ್ಟಿನ ಜತೆ ಸೇರಿಹೋಯಿತು. ಹಾಗಾಗಿ ಕೈಯಾರೆ ಕೋರ್ಟಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳೋದೇ ವಾಸಿ.

ಅವನು ಕೊಟ್ಟ ಪಟ್ಟಿಯಲ್ಲಿ ನಮ್ಮ ಹೆಸರಿದೆಯಲ್ಲ ಅಂತ ಕೂತುಕೊಳ್ಳಬಾರದು. ನಮ್ಮ 8 ಜನರಲ್ಲಿ ಇಬ್ಬರಿಗೆ ಅವನು ಬರೆದಿದ್ದ ಮೊತ್ತ ಕೊಟ್ಟದ್ದಕ್ಕಿಂತ ಕಮ್ಮಿ ಇತ್ತು. ಋಜುವಾತು ಕೊಟ್ಟವರ ಹೆಸರು, ಮೊತ್ತವನ್ನು ಕೋರ್ಟು ತನ್ನ ಪಟ್ಟಿಗೆ ಸೇರಿಸುತ್ತದೆ. ಆಸ್ತಿ ಮಾರಿ ಬಂದ ಹಣ ಹಂಚೋದು ಆ ಪಟ್ಟಿ ನೋಡಿ. ಅವನಿಗೆ ಬಿಡುಗಡೆ ಆಗುವ ತನಕ ತಡವಾಗಿಯೂ ಋಜುವಾತು ಕೊಡಲಿಕ್ಕೆ ಅವಕಾಶ ಇದೆ. ಆದರೆ ಅಷ್ಟರೊಳಗೆ ಹಂಚಿ ಹೋದ ಹಣವನ್ನು ಮತ್ತೆ ಒಟ್ಟುಗೂಡಿಸಿ ಹಂಚೋದಿಲ್ಲ. ಉಳಿದದ್ದರಲ್ಲಿ ಮಾತ್ರ ಪಾಲು.

ವಿಚಾರಣೆ ದಿನ ಕೋರ್ಟು ಅವನನ್ನು ಸಾಲ ಕೊಟ್ಟವರ ಎದುರಿಗೇ ಪ್ರಶ್ನೆ ಮಾಡುತ್ತದೆ. ನಾವೂ, ನಮ್ಮ ವಕೀಲರೂ ಕೇಳಬಹುದು. ನಮ್ಮಿಂದ ತಗೊಂಡ ದುಡ್ಡು ಎಲ್ಲಿ ಹೋಯಿತು, ಲೆಕ್ಕದ ಪುಸ್ತಕ ಎಲ್ಲಿ, ಯಾವ ವಾಹನ ಯಾರ ಹೆಸರಲ್ಲಿದೆ ಅಂತ ಕೇಳಲಿಕ್ಕೆ ಅದೇ ಜಾಗ. ಅವನ ಮನೆ ಬಾಗಿಲಲ್ಲಿ ಕೂಗಾಡಿದರೆ ಏನೂ ಹುಟ್ಟೋದಿಲ್ಲ.

ಪಹಣಿ, ಇ.ಸಿ. ನಮ್ಮ ಕೈಲಿರುವ ಆಯುಧ

ರೈತರಿಗೆ ವಕೀಲರಿಗಿಂತ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಇದೆ. ಯಾರ ಜಮೀನು ಯಾವ ಸರ್ವೆ ನಂಬರಿನಲ್ಲಿದೆ, ಯಾವಾಗ ಯಾರಿಗೆ ಹೋಯಿತು ಅನ್ನೋದು. ನಾವು ನಾಲ್ಕು ಜನ ಸೇರಿ ಅವನ ಜಮೀನಿನ ಪಹಣಿ ತೆಗೆಸಿದೆವು. ಉಪನೋಂದಣಾಧಿಕಾರಿ ಕಚೇರಿಯಿಂದ ಸೈಟಿನ ಋಣಭಾರ ಪತ್ರ ತೆಗೆಸಿದೆವು. ಅರ್ಜಿ ಹಾಕುವ 7 ತಿಂಗಳ ಮುಂಚೆ, 2022ರ ಜನವರಿಯಲ್ಲಿ, ತಾಲೂಕು ಕೇಂದ್ರದ ಒಂದು ಸೈಟನ್ನು ಭಾಮೈದನಿಗೆ ದಾನಪತ್ರ ಮಾಡಿಕೊಟ್ಟಿದ್ದು ಸಿಕ್ಕಿತು.

1920ರ ಕಾಯ್ದೆಯ 53ನೇ ಕಲಮು ಇಂಥದಕ್ಕೇ ಇರೋದು. ದಿವಾಳಿ ಅರ್ಜಿ ಹಾಕುವ ಹಿಂದಿನ 2 ವರ್ಷದೊಳಗೆ ಪುಕ್ಕಟೆ ಬರೆದುಕೊಟ್ಟ ಆಸ್ತಿಯ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಸರಿಯಾದ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವನಿಗೆ ತೊಂದರೆ ಇಲ್ಲ. ಅದೇ ರೀತಿ ಅರ್ಜಿ ಹಾಕುವ ಹಿಂದಿನ 3 ತಿಂಗಳಲ್ಲಿ, ಉಳಿದವರನ್ನು ಬಿಟ್ಟು ಒಬ್ಬನಿಗೆ ಮಾತ್ರ ಅನುಕೂಲ ಆಗಲಿ ಅಂತ ಕೊಟ್ಟದ್ದನ್ನೂ ರದ್ದು ಮಾಡಲಿಕ್ಕೆ 54ನೇ ಕಲಮಿದೆ. ‘ಯಾರಿಗೂ ಹೇಳಬೇಡ, ನಿನಗೊಬ್ಬನಿಗೆ ಕೊಡ್ತೀನಿ’ ಅಂತ ಅವನು ಕರೆದರೆ ಇದು ನೆನಪಿರಲಿ.

ರದ್ದು ಮಾಡಿ ಅಂತ ಕೋರ್ಟಿಗೆ ಕೇಳಬೇಕಾದವರು ರಿಸೀವರು. ಅವರು ಕೇಳದಿದ್ದರೆ, ಋಜುವಾತು ಮಾಡಿದ ಯಾರಾದರೂ ಕೋರ್ಟಿನ ಅನುಮತಿ ಪಡೆದು ತಾವೇ ಕೇಳಬಹುದು. ಋಜುವಾತು ಮಾಡದವನಿಗೆ ಈ ಹಕ್ಕಿಲ್ಲ. ನಾವು ದಾಖಲೆ ಸಮೇತ ರಿಸೀವರಿಗೆ ಬರೆದು ಕೊಟ್ಟೆವು, ಅವರು ಅರ್ಜಿ ಹಾಕಿದರು. ದಾನಪತ್ರ ರದ್ದಾಯಿತು, ಸೈಟು ಹರಾಜಾಯಿತು. ಆ ಸೈಟು ಇಲ್ಲದಿದ್ದರೆ ಹಂಚಲಿಕ್ಕೆ ಹಳೇ ಕಾಂಕ್ರೀಟ್ ಮಿಕ್ಸರ್ ಒಂದೇ ಇತ್ತು.

ಟಿಪ್ಪರು ಯಾಕೆ ಸಿಗಲಿಲ್ಲ ಅಂತ ನೀವು ಕೇಳಬಹುದು. ಅದು ಫೈನಾನ್ಸ್ ಸಾಲದ್ದು. ಆಸ್ತಿಯನ್ನು ಅಡ ಇಟ್ಟುಕೊಂಡು ಸಾಲ ಕೊಟ್ಟವರ ಹಕ್ಕು ಹಾಗೇ ಇರುತ್ತದೆ, ಅವರು ಮೊದಲು ತಮ್ಮದನ್ನು ತಗೋತಾರೆ. ಉಳಿದದ್ದರಲ್ಲಿ ಸರ್ಕಾರದ ಬಾಕಿಗೆ ಮುಂದಿನ ಸಾಲು. ನಮ್ಮಂಥ ಅಡಮಾನ ಇಲ್ಲದವರದ್ದು ಕೊನೇ ಪಂಕ್ತಿ. ಇನ್ನೊಂದು ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೃಷಿಕನ ಉಳುಮೆ ಸಾಮಾನು, ಎತ್ತು, ವಾಸದ ಮನೆ ಇವನ್ನು ಜಪ್ತಿಯಿಂದ ಕಾಪಾಡುತ್ತದೆ. ಬ್ಯಾಂಕಿನ ಎದುರು ನಮ್ಮನ್ನು ಕಾಯುವ ಆ ಕಲಮು, ಅವನೂ ಕೃಷಿಕನಾಗಿದ್ದರೆ ಅವನನ್ನೂ ಕಾಯುತ್ತದೆ.

ನಾವೇ ಬಾಕಿ ಕೊಡಬೇಕಾಗಿ ಬಂದರೆ

ಇದು ಅನೇಕರಿಗೆ ತಿಳಿಯದ ವಿಷಯ. ನಮ್ಮೂರಿನ ಒಬ್ಬರ ಹೊಂಡ ತೋಡಿ ಆಗಿತ್ತು, ಹಾಳೆ ಹಾಸಿರಲಿಲ್ಲ. ತೋಡುವ ಕೂಲಿ 85 ಸಾವಿರಕ್ಕೆ ಮಾತು, 50 ಸಾವಿರ ಕೊಟ್ಟಿದ್ದರು. ಹಾಳೆಗೆ ಅಂತ ಬೇರೆ 25 ಸಾವಿರ ಮುಂಗಡ ಹೋಗಿತ್ತು. ರಿಸೀವರಿಂದ ‘ತೋಡಿದ ಬಾಕಿ 35 ಸಾವಿರ ಕಟ್ಟಿ’ ಅಂತ ಪತ್ರ ಬಂತು. 35 ಸಾವಿರ ಕಟ್ಟಿ, ಹಾಳೆಯ 25 ಸಾವಿರಕ್ಕೆ ಎಲ್ಲರ ಜತೆ ಸಾಲಲ್ಲಿ ನಿಂತುಕೊಳ್ಳಬೇಕಾ? ಬೇಡ. ಇಬ್ಬರ ನಡುವೆ ಕೊಡೋದೂ ತಗೊಳ್ಳೋದೂ ಎರಡೂ ಇದ್ದರೆ, ವಜಾ ಹಾಕಿ ಉಳಿದದ್ದಕ್ಕೆ ಮಾತ್ರ ಲೆಕ್ಕ ಅಂತ 46ನೇ ಕಲಮು ಹೇಳುತ್ತದೆ. ಅವರು ಕಟ್ಟಿದ್ದು 10 ಸಾವಿರ. ಅವರ ಪೂರ್ತಿ ಹಾಳೆ ದುಡ್ಡು ಉಳಿದಂಗಾಯಿತು.

ಹೊಲದಲ್ಲಿ ಬಿದ್ದಿರುವ ಸಾಮಾನಿನ ಬಗ್ಗೆಯೂ ಎಚ್ಚರ ಬೇಕು. ಬಿಲ್ಲು ನಿಮ್ಮ ಹೆಸರಲ್ಲಿದ್ದರೆ ಅದು ನಿಮ್ಮದು. ಅವನ ಹೆಸರಲ್ಲಿದ್ದರೆ ಅದು ಅವನ ಆಸ್ತಿಯ ಲೆಕ್ಕಕ್ಕೆ ಹೋಗುತ್ತದೆ. ಸಿಟ್ಟಿನಲ್ಲಿ ಅವನ ಮಿಕ್ಸರ್ ಎಳೆದುಕೊಂಡು ಬಂದು ಕಣದಲ್ಲಿ ಕಟ್ಟಿಹಾಕಿದರೆ ಕಾನೂನು ನಮ್ಮ ಮೇಲೇ ತಿರುಗುತ್ತದೆ.

ಗ್ರಾಹಕರ ಆಯೋಗ

ಕಂಟ್ರಾಕ್ಟರು ಇನ್ನೂ ಐ.ಪಿ. ಹಾಕಿಲ್ಲ, ಕೆಲಸ ಮಾತ್ರ ನಿಲ್ಲಿಸಿದ್ದಾನೆ, ಫೋನು ಎತ್ತುತ್ತಿಲ್ಲ ಅನ್ನುವ ಹಂತದಲ್ಲಿ ಸಣ್ಣ ರೈತನಿಗೆ ಖರ್ಚಿಲ್ಲದ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಈಗ ನಡೆಯುತ್ತಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕ ಇಲ್ಲ. ವಕೀಲರಿಲ್ಲದೆ ನಾವೇ ವಾದ ಮಾಡಬಹುದು. ಅವನು ಯಾವ ಊರಲ್ಲಿದ್ದರೂ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಏನು, ಹೇಗೆ ಅಂತ ಕೇಳಲಿಕ್ಕೆ 1915 ನಂಬರಿಗೆ ಫೋನು ಮಾಡಬಹುದು.

‘ಹೊಂಡ, ಶೆಡ್ಡು ಅಂದರೆ ವ್ಯಾಪಾರಕ್ಕೆ ಮಾಡಿಸಿದ್ದು, ನೀವು ಗ್ರಾಹಕರಲ್ಲ’ ಅಂತ ಎದುರು ವಕೀಲರು ವಾದ ಹೂಡುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ತಗೊಂಡದ್ದು ವ್ಯಾಪಾರ ಅಲ್ಲ ಅಂತ ಕಾಯ್ದೆಯಲ್ಲೇ ಇದೆ. ಬೀಜದ ವಿಷಯದಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ರೈತ ಗ್ರಾಹಕನೇ ಅಂತ ತೀರ್ಪು ಕೊಟ್ಟಿದೆ. ಮನೆ ಕಟ್ಟಿಕೊಡುವುದು ಸೇವೆ, ಅದೂ ಈ ಕಾಯ್ದೆಗೆ ಬರುತ್ತದೆ ಅಂತ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಹೇಳಿದೆ.

ಆಯೋಗದ ಆದೇಶ ಪಾಲಿಸದಿದ್ದರೆ 1 ತಿಂಗಳಿಂದ 3 ವರ್ಷದ ತನಕ ಸಜೆ ಅಥವಾ 25 ಸಾವಿರದಿಂದ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ ಹಾಕಬಹುದು. ಆದರೆ ಒಂದು ಸತ್ಯ ಮುಚ್ಚಿಡಬಾರದು. ಆದೇಶ ಬೇರೆ, ಹಣ ಬೇರೆ. ನಮ್ಮವರೊಬ್ಬರು ಮೇ ತಿಂಗಳಲ್ಲೇ ಆಯೋಗಕ್ಕೆ ಹೋಗಿ, ಅವನು ದಿವಾಳಿ ಅಂತ ಆಗುವ ಮುಂಚೆಯೇ ಆದೇಶ ತಂದರು. ಆದರೂ ಅವನು ದಿವಾಳಿ ಆದ ಮೇಲೆ ನಮ್ಮ ಜತೆ ಅದೇ ಸಾಲಲ್ಲಿ ನಿಲ್ಲಬೇಕಾಯಿತು. ಅವರಿಗಾದ ಲಾಭ ಅಂದರೆ, ಬಾಕಿ ಎಷ್ಟು ಅನ್ನೋದರ ಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಕೊಟ್ಟದ್ದರ ಮೇಲೆ ಬಡ್ಡಿ, ಪರಿಹಾರವೂ ಸೇರಿತು.

ಅವನು ಆಸ್ತಿ ಮಾರಿಕೊಂಡು ಹೋಗುತ್ತಾನೆ ಅನ್ನುವ ಗುಮಾನಿ ಇದ್ದರೆ ಸಿವಿಲ್ ದಾವೆ ಹಾಕಿ, ತೀರ್ಪಿಗೆ ಮುಂಚೆಯೇ ಜಪ್ತಿ ಮಾಡಿಸಿ ಅಂತ ಕೇಳಬಹುದು. ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶ, 5ನೇ ನಿಯಮ. ದಾವೆಗೆ 3 ವರ್ಷದ ಕಾಲಮಿತಿ. ಕೋರ್ಟು ಫೀ ಕಟ್ಟಬೇಕಾಗುತ್ತದೆ.

ಚೆಕ್ಕು ಇದ್ದರೆ, ಮೋಸ ಇದ್ದರೆ

ನಮ್ಮಲ್ಲಿ ಒಬ್ಬರಿಗೆ ಅವನು 2022ರ ಜೂನ್‌ನಲ್ಲಿ 30 ಸಾವಿರದ ಚೆಕ್ಕು ಕೊಟ್ಟು ಸಮಾಧಾನ ಮಾಡಿದ್ದ. ಚೆಕ್ಕು ವಾಪಸು ಬಂತು. ಇದರ ವಾಯಿದೆಗಳು ಬಲು ಬಿಗಿ. ಚೆಕ್ಕನ್ನು 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸು ಬಂದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನದೊಳಗೆ ಅವನು ಕಟ್ಟದಿದ್ದರೆ, ಅಲ್ಲಿಂದ 1 ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಹಾಕಬೇಕು. ಚೆಕ್ಕಿನ ಕೇಸು ಕ್ರಿಮಿನಲ್ ಸ್ವರೂಪದ್ದು, ಐ.ಪಿ. ಹಾಕಿದ ಮಾತ್ರಕ್ಕೆ ತಾನಾಗಿ ಬಿದ್ದುಹೋಗೋದಿಲ್ಲ. ಅವರ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಗಿ, ಕಂಟ್ರಾಕ್ಟರನ ಅಣ್ಣ 30 ಸಾವಿರ ಕಟ್ಟಿದ.

‘ಪೊಲೀಸಿಗೆ ಹೋಗೋಣ’ ಅಂತ ಅನೇಕರು ಹೇಳಿದರು. 2024ರ ಜುಲೈ 1ರಿಂದ ಹಳೇ 420 ಹೋಗಿ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಬಂದಿದೆ. ನಂಬರು ಬದಲಾದರೂ ತತ್ವ ಅದೇ. ದುಡ್ಡು ತಗೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಕೆಲಸ ಶುರು ಮಾಡಿ, ಆಮೇಲೆ ಸೋತು ನಿಲ್ಲಿಸಿದ್ದು ವಂಚನೆ ಆಗೋದಿಲ್ಲ. ನಮ್ಮ ಕಂಟ್ರಾಕ್ಟರನಿಗೂ ಬೇರೆ ಕಡೆಯಿಂದ ಬರಬೇಕಾದ ಬಿಲ್ಲು ಬಂದಿರಲಿಲ್ಲ, ಡೀಸೆಲ್ ದರ ಏರಿತ್ತು. ಮಳೆ ಕೈಕೊಟ್ಟ ರೈತ ಸಾಲ ತೀರಿಸಲಾರದೆ ನಿಂತಂಗೆ ಅವನೂ ನಿಂತಿದ್ದ. ಸೋತವನನ್ನು ಕಳ್ಳ ಅನ್ನಬಾರದು. ಆದರೆ ಸೈಟು ಭಾಮೈದನ ಹೆಸರಿಗೆ ಮಾಡಿದ್ದು ಸೋಲಲ್ಲ.

ಬಿಡುಗಡೆ ಕೇಳಿದಾಗ ಕೋರ್ಟು ಈ ವ್ಯತ್ಯಾಸ ನೋಡುತ್ತದೆ. ಆಸ್ತಿ ರೂಪಾಯಿಗೆ 8 ಆಣೆಯಷ್ಟೂ ಸಾಲದೆ ಹೋದದ್ದಕ್ಕೆ ಅವನೇ ಕಾರಣವಾ, ಹಿಂದಿನ 3 ವರ್ಷದ ಲೆಕ್ಕ ಬರೆದಿಟ್ಟಿದ್ದಾನಾ, ದಿವಾಳಿ ಅಂತ ಗೊತ್ತಾದ ಮೇಲೂ ವ್ಯಾಪಾರ ನಡೆಸಿದನಾ, ತೀರಿಸುವ ದಾರಿ ಕಾಣದಿದ್ದರೂ ಹೊಸ ಸಾಲ ಮಾಡಿದನಾ ಇವೆಲ್ಲ 42ನೇ ಕಲಮಿನಲ್ಲಿವೆ. ನಾವು ಹೋಗಿ ಆಕ್ಷೇಪಣೆ ಹೇಳಬಹುದು. ವಂಚನೆಯಿಂದ ಮಾಡಿದ ಸಾಲವಾಗಿದ್ದರೆ ಬಿಡುಗಡೆ ಆದರೂ ಅದು ಮನ್ನಾ ಆಗೋದಿಲ್ಲ.

ಕಂಪನಿ ಆಗಿದ್ದರೆ

ಸೋಲಾರ್ ಪಂಪು, ಪಾಲಿಹೌಸು ಹಾಕಿಕೊಡುವವರು ಹೆಚ್ಚಾಗಿ ಕಂಪನಿಗಳು. ಕಂಪನಿಯ ದಿವಾಳಿ ನಡೆಯೋದು 2016ರ ಸಂಹಿತೆಯಲ್ಲಿ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ನಮ್ಮ ರಾಜ್ಯದ ಪೀಠ ಬೆಂಗಳೂರಿನಲ್ಲಿದೆ. ದಿವಾಳಿ ಪ್ರಕ್ರಿಯೆ ಶುರು ಮಾಡಿಸಲಿಕ್ಕೆ ಬಾಕಿ 1 ಕೋಟಿ ಇರಬೇಕು ಅಂತ 2020ರ ಮಾರ್ಚ್ 24ರಂದು ಮಾಡಿದರು, ಮುಂಚೆ 1 ಲಕ್ಷ ಇತ್ತು. ಹಾಗಾಗಿ ನಮ್ಮಂಥವರು ಶುರು ಮಾಡಿಸಲಾರೆವು. ಆದರೆ ಬೇರೆಯವರು ಶುರು ಮಾಡಿಸಿದಾಗ ಸೇರಿಕೊಳ್ಳಬಹುದು.

ಶುರುವಾದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ, ಇಂಗ್ಲಿಷ್ ಪತ್ರಿಕೆಯ ಜತೆ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ. ನಮ್ಮ ಬಾಕಿಯ ಹಕ್ಕು ಸಲ್ಲಿಸಲಿಕ್ಕೆ ಕೊಡುವ ಗಡುವು 14 ದಿನ. ತಪ್ಪಿದರೂ ಕೂಡಲೇ ಕೊಡಿ, ಸ್ವಲ್ಪ ಕಾಲ ತಡವಾದ ಅರ್ಜಿಯನ್ನೂ ನೋಡುತ್ತಾರೆ. ಸರಕಿಗೆ, ಕೆಲಸಕ್ಕೆ ಮುಂಗಡ ಕೊಟ್ಟವರು ತುಂಬಬೇಕಾದ್ದು ನಮೂನೆ ‘ಬಿ’. ಮುಂಗಡ ಕೊಟ್ಟವನು ಸಾಲ ಕೊಟ್ಟವನ ಸಾಲಿಗೆ ಬರುತ್ತಾನಾ ಇಲ್ಲವಾ ಅನ್ನುವ ಜಗಳ ಬಹಳ ದಿನ ಇತ್ತು. ಚೆನ್ನೈ ಮೆಟ್ರೋಗೆ ದೀಪದ ಸಾಮಾನು ಪೂರೈಸುವ ವ್ಯವಹಾರದ 50 ಲಕ್ಷ ರೂಪಾಯಿ ಮುಂಗಡದ ಕೇಸಿನಲ್ಲಿ, 2022ರ ಫೆಬ್ರವರಿ 4ರಂದು ಸುಪ್ರೀಂ ಕೋರ್ಟು ಬರುತ್ತಾನೆ ಅಂತ ತೀರ್ಮಾನ ಮಾಡಿದೆ.

ಕಂಪನಿಗೆ ದಿವಾಳಿ ಪ್ರಕ್ರಿಯೆ ಶುರುವಾದರೆ ಅದರ ಮೇಲಿನ ದಾವೆಗಳೆಲ್ಲ ತಡೆಹಿಡಿಯಲ್ಪಡುತ್ತವೆ. ಆದರೆ ಚೆಕ್ಕಿಗೆ ರುಜು ಹಾಕಿದ ನಿರ್ದೇಶಕರ ಮೇಲಿನ ಕೇಸು ನಿಲ್ಲೋದಿಲ್ಲ ಅಂತ 2021ರ ಮಾರ್ಚ್ 1ರ ಸುಪ್ರೀಂ ಕೋರ್ಟಿನ ತೀರ್ಪಿದೆ. ಪಂಪು ತಯಾರಿಸಿದ ಕಂಪನಿ ಬೇರೆ, ಅಳವಡಿಸಿದವನು ಬೇರೆ ಆಗಿದ್ದರೆ, ಅಳವಡಿಸಿದವನು ಮುಳುಗಿದರೂ ತಯಾರಕರು ಕೊಟ್ಟ ಗ್ಯಾರಂಟಿ ಮುಳುಗೋದಿಲ್ಲ. ಬಿಲ್ಲು, ಗ್ಯಾರಂಟಿ ಕಾರ್ಡು ನಮ್ಮ ಹೆಸರಲ್ಲಿರಬೇಕು, ಅಷ್ಟೇ.

ವಕೀಲರ ಖರ್ಚು ಹೇಗೆ?

ತಾಲೂಕು ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಕಮ್ಮಿ ಆದಾಯದವರಿಗೂ ಇದೆ. ಬರಗಾಲಕ್ಕೆ ತುತ್ತಾದವರ ಹೆಸರೂ ಆ ಕಲಮಿನಲ್ಲಿದೆ, ಇದು ನಮ್ಮ ಸೀಮೆಯವರು ತಿಳಿದಿರಬೇಕಾದ್ದು. ಫೋನು ನಂಬರು 15100. ಕುರಿ ಮಾರಿದ ಆ ಹೆಣ್ಣುಮಗಳಿಗೆ ಅಲ್ಲಿಂದಲೇ ವಕೀಲರು ಸಿಕ್ಕರು. ಅಫಿಡವಿಟ್ಟು ಅವರೇ ಬರೆದರು, ಆಕೆ ಹೆಬ್ಬೆಟ್ಟು ಒತ್ತಿದಳು.

ಕೈಗೆ ಬಂದದ್ದು ಎಷ್ಟು

2023ರ ನಡುವಿನಲ್ಲಿ ಅವನು ದಿವಾಳಿ ಅಂತ ಆದೇಶ ಆಯಿತು. ಸೈಟು, ಮಿಕ್ಸರು ಮಾರಿ, ಮುಂದಿನ ಸಾಲಿನವರಿಗೆ ಕೊಟ್ಟು ಉಳಿದದ್ದನ್ನು 2025ರಲ್ಲಿ ಹಂಚಿದರು. ಸಿಮೆಂಟಿನ ಅಂಗಡಿಯವರಿಂದ ಹಿಡಿದು ಎಲ್ಲರಿಗೂ ಒಂದೇ ಅಳತೆ, ರೂಪಾಯಿಗೆ 28 ಪೈಸೆ. ನನ್ನ 60 ಸಾವಿರಕ್ಕೆ 16,800 ಬಂತು. ಆ ಹೆಣ್ಣುಮಗಳ 45 ಸಾವಿರಕ್ಕೆ 12,600 ಬಂತು. ಆಕೆ ಅದರಲ್ಲಿ ಎರಡು ಕುರಿಮರಿ ತಂದಿದ್ದಾಳೆ. ಋಜುವಾತು ಕೊಟ್ಟ 5 ಜನರಲ್ಲಿ ನಮ್ಮಿಬ್ಬರಿಗೂ ಆಯೋಗಕ್ಕೆ ಹೋದವರಿಗೂ ಹೀಗೆ ಪಾಲು ಸಿಕ್ಕಿತು, ಒಬ್ಬರದ್ದು ವಜಾ ಆಗಿ ಉಳಿಯಿತು, ಒಬ್ಬರದ್ದು ಚೆಕ್ಕಿನಲ್ಲಿ ತೀರಿತು. ‘ಹೋದದ್ದು ಹೋಯಿತು ಬಿಡು’ ಅಂದ 3 ಜನರಿಗೆ ಬಿಡಿಕಾಸೂ ಬರಲಿಲ್ಲ.

28 ಪೈಸೆ ದೊಡ್ಡದಲ್ಲ. ಎಂಟು ಹೊಂಡದಲ್ಲಿ ಹಾಳೆ ಸಮೇತ ಪೂರ್ತಿ ಆದದ್ದು ಒಂದೂ ಇಲ್ಲ. ಕಾನೂನು ಸುಟ್ಟ ಮನೆಯನ್ನು ಕಟ್ಟಿಕೊಡೋದಿಲ್ಲ, ಉಳಿದ ತೊಲೆಯನ್ನು ಸಮನಾಗಿ ಹಂಚುತ್ತದೆ. ಹಾಗಾಗಿ ಗಟ್ಟಿ ರಕ್ಷಣೆ ಇರೋದು ದುಡ್ಡು ಕೊಡುವ ದಿನದಲ್ಲೇ.

ಮುಂಗಡ ಕೊಡುವ ದಿನ

ಈಗ ನಮ್ಮೂರಲ್ಲಿ ಕೆಲಸ ಒಪ್ಪಿಸುವಾಗ ಇಷ್ಟನ್ನು ನೋಡುತ್ತೇವೆ. ಛಾಪಾ ಕಾಗದದ ಮೇಲೆ ಕೆಲಸದ ಅಳತೆ, ದರ, ಮುಗಿಸುವ ತಾರೀಖು ಬರೆಸಬೇಕು. ಅವನ ಪೂರ್ತಿ ಹೆಸರು, ಮನೆ ವಿಳಾಸ, ಒಬ್ಬನೇ ಮಾಲೀಕನಾ, ಪಾಲುದಾರರಿದ್ದಾರಾ, ಕಂಪನಿಯಾ ಅನ್ನೋದು ಅದರಲ್ಲಿರಬೇಕು. ಕೈಗೆ ನಗದು ಕೊಡದೆ ಬ್ಯಾಂಕಿನ ಮೂಲಕವೇ ಕೊಡಬೇಕು. ಹಾಳೆ, ಪೈಪು, ಕಬ್ಬಿಣ ಇವನ್ನು ಅಂಗಡಿಯಿಂದ ನಾವೇ ನಮ್ಮ ಹೆಸರಿನ ಬಿಲ್ಲಿನಲ್ಲಿ ತರಬೇಕು, ಅವನಿಗೆ ಕೂಲಿ ಮಾತ್ರ. ಆ ಕೂಲಿಯನ್ನೂ ಕೆಲಸ ನಡೆದಷ್ಟೂ ಕಂತಿನಲ್ಲಿ ಕೊಡಬೇಕು. ದೊಡ್ಡ ಮೊತ್ತ ಆದರೆ ಸ್ಥಿತಿವಂತನೊಬ್ಬನ ಜಾಮೀನು ರುಜು ಹಾಕಿಸಬೇಕು. ಅವನು ಪಾಪರ್ ಆದರೂ ಜಾಮೀನುದಾರ ಉಳಿಯುತ್ತಾನೆ.

ಇಷ್ಟು ಮಾಡಿದ ಮೇಲೂ ಕೋರ್ಟಿನ ನೋಟೀಸು ಬಂದರೆ ಕಾಗದವನ್ನು ಓದಿಸಿ, ವಾಯಿದೆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊರಲ್ಲಿ ಇನ್ನು ಯಾರ‍್ಯಾರಿಗೆ ಬಂದಿದೆ ಕೇಳಿ, ಒಟ್ಟಾಗಿ ಒಬ್ಬ ವಕೀಲರ ಹತ್ತಿರ ಹೋಗಿ. ಒಬ್ಬೊಬ್ಬರೇ ಹೋದರೆ ಬಸ್ ಚಾರ್ಜೂ ದಂಡ. ಒಟ್ಟಿಗೆ ಹೋದರೆ ಒಬ್ಬನ ಕೈಲಿ ರಸೀದಿ, ಇನ್ನೊಬ್ಬನ ಕೈಲಿ ಇ.ಸಿ. ಸಿಗುತ್ತದೆ, ಮತ್ತೊಬ್ಬನಿಗೆ ಅವನ ಸೈಟು ಎಲ್ಲಿದೆ ಅಂತ ಗೊತ್ತಿರುತ್ತದೆ.